ದಾವೀದನ ಖಾನೇಷುಮಾರಿ ಮತ್ತು ದೇವರ ನೀತಿ

ನಮ್ಮ ಕಾಲೇಜಿನ ತತ್ತ್ವಶಾಸ್ತ್ರ ಸಂಘದ ಆಶ್ರಯದಲ್ಲಿ ಕಳೆದ ವರ್ಷ ಒಂದು ಚರ್ಚಾಕೂಟ ಏರ್ಪಟ್ಟಿತ್ತು. “ಧರ್ಮಗ್ರಂಥಗಳ ದೇವರು ನೀತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆಯೇ?” ಎಂಬುದು ಅಂದಿನ ವಿಷಯ. ಅಧ್ಯಕ್ಷತೆ ವಹಿಸಿದ್ದ ಅಧ್ಯಾಪಕರು ಮೊದಲೇ ಒಂದು ನಿಬಂಧನೆಯನ್ನು ಹಾಕಿದ್ದರು. ಪ್ರತಿಯೊಬ್ಬ ಭಾಷಣಕಾರನೂ ತನ್ನ ಮನೆಯಲ್ಲಿ ಓದುವ ಗ್ರಂಥವನ್ನು ಕುರಿತೇ ಮಾತನಾಡತಕ್ಕದ್ದು. ಪರರ ಗ್ರಂಥದ ಗೊಡವೆಗೆ ಹೋಗಕೂಡದು. ಈ ನಿಬಂಧನೆಯಿಂದ ಸಭೆಯಲ್ಲಿ ಜಗಳವಾಗುವುದು ತಪ್ಪಿತಲ್ಲದೆ, ಮಾತನಾಡುವವನಿಗೆ ತನ್ನ ಮಾತಿನ ಭಾರವೂ ತಿಳಿಯುವಂತಾಯಿತು.

ನಾನು ಕ್ರೈಸ್ತರ ಮನೆಯಲ್ಲಿ ಹುಟ್ಟಿದವನು. ನನ್ನ ತಾತ ಒಂದು ಹಳ್ಳಿಯ ಸಭೆಯಲ್ಲಿ ಉಪದೇಶಿಯಾಗಿದ್ದರು. ಆದ್ದರಿಂದ ಬೈಬಲ್ಲು, ಎಂದರೆ ನಮ್ಮ ಮನೆಯ ಮಾತಿನಲ್ಲಿ ಸತ್ಯವೇದ, ನನ್ನ ಪಾಲಿಗೆ ಬಂದಿತು. ಹತ್ತು ನಿಮಿಷಗಳಲ್ಲಿ ಹನ್ನೆರಡು ಪರಸ್ಪರ ವಿರೋಧಗಳನ್ನು ಪಟ್ಟಿಮಾಡಿ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ನನಗೆ ಎದುರಾಗಿ ಮಾತನಾಡಿದ ಮಿತ್ರನೂ ನಮ್ಮ ಸಭೆಯವನೇ. ಅವನು ಹನ್ನೆರಡಕ್ಕೂ ಹನ್ನೆರಡು ಸಮಾಧಾನಗಳನ್ನು ಹೇಳಿದ. ಅವನಿಗೂ ಅಷ್ಟೇ ಚಪ್ಪಾಳೆ ಬಿತ್ತು. ಬಹುಮಾನವನ್ನು ಇಬ್ಬರಿಗೂ ಹಂಚಿದರು. ಹೊರಗೆ ಬಂದಾಗ ನಮ್ಮವರೇ ಆದ ಹಿರಿಯರೊಬ್ಬರು “ಉಂಡ ಮನೆಯ ಜಂತೆ ಎಣಿಸಬಾರದಪ್ಪ” ಎಂದರು. ಅದು ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ತಟ್ಟಿದ್ದು ಅಂದು ರಾತ್ರಿ ಅಮ್ಮ ಕೇಳಿದ ಒಂದು ಪ್ರಶ್ನೆ.

ಅದನ್ನು ಹೇಳುವ ಮುನ್ನ ನಮ್ಮ ಮನೆಯ ಒಂದು ಸಂಗತಿಯನ್ನು ವಾಚಕರ ಮುಂದಿಡಬೇಕು. 2021ರ ಮೇ ತಿಂಗಳಿನಲ್ಲಿ, ಕೊರೋನಾ ಎರಡನೆಯ ಸಲ ಹಬ್ಬಿದಾಗ, ನನ್ನ ಸೋದರಮಾವ ತೀರಿಕೊಂಡರು. ಅಮ್ಮನಿಗೆ ಅವರೊಬ್ಬರೇ ತಮ್ಮ. ಮುಖ ನೋಡುವುದಕ್ಕೂ ಆಗಲಿಲ್ಲ. ಕೆಲವು ದಿನಗಳ ಮೇಲೆ ಸಾಂತ್ವನ ಹೇಳಲು ಬಂದ ಬಂಧುವೊಬ್ಬರು, ಮನೆಯಲ್ಲಿ ಏನೋ ಪಾಪವಿರಬೇಕು, ದೇವರು ಕಾರಣವಿಲ್ಲದೆ ಹೊಡೆಯುವವನಲ್ಲ, ಎಂದು ಹೇಳಿ ಹೋದರು. ಅಮ್ಮ ಅವರಿಗೆ ಏನೂ ಉತ್ತರ ಕೊಡಲಿಲ್ಲ. ಆದರೆ ಅನಂತರ ಎಷ್ಟೋ ತಿಂಗಳು ಸಂಜೆಯ ಪ್ರಾರ್ಥನೆಗೆ ನಾವು ಕುಳಿತಾಗ ಅವಳು ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಚರ್ಚಾಕೂಟದ ರಾತ್ರಿ ನನ್ನ ಹನ್ನೆರಡು ಅಂಶಗಳನ್ನು ಮನೆಯಲ್ಲಿ ಮತ್ತೊಮ್ಮೆ ಹೇಳಿ ತೋರಿಸಿದೆ. ಎಲ್ಲವನ್ನೂ ಕೇಳಿದ ಅಮ್ಮ ಒಂದನ್ನು ಮಾತ್ರ ಹಿಡಿದುಕೊಂಡಳು. “ದಾವೀದ ಜನ ಎಣಿಸಿದ್ದಕ್ಕೆ ಎಪ್ಪತ್ತು ಸಾವಿರ ಜನ ಸತ್ತರು ಅಂದೆಯಲ್ಲ, ಅವರು ಏನು ಮಾಡಿದ್ದರು ಮಗ?” ಎಂದು ಕೇಳಿದಳು. ನನ್ನ ಟಿಪ್ಪಣಿಯಲ್ಲಿ ಅಂಕಿಗಳಿದ್ದವು, ಇದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ಓದಿದ್ದನ್ನು ನನ್ನ ಅಲ್ಪಮತಿಗೆ ತಿಳಿದಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಮೊದಲು ಕಥೆ. ಸಮುವೇಲನ ಎರಡನೆಯ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಯೆಹೋವನಿಗೆ ಇಸ್ರಾಯೇಲ್ ಜನರ ಮೇಲೆ ಕೋಪ ಬಂದಿತು; ಏಕೆಂದು ಗ್ರಂಥ ಹೇಳುವುದಿಲ್ಲ. ಆತನು ಜನರನ್ನು ಎಣಿಸುವಂತೆ ದಾವೀದನನ್ನು ಪ್ರೇರಿಸಿದ. ಸೇನಾಪತಿಯಾದ ಯೋವಾಬ ಬೇಡವೆಂದರೂ ರಾಜ ಕೇಳಲಿಲ್ಲ. ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶವನ್ನೆಲ್ಲ ಸುತ್ತಿ ಲೆಕ್ಕ ತಂದರು. ಅನಂತರ ದಾವೀದನಿಗೆ ತಾನು ಪಾಪ ಮಾಡಿದೆನೆಂದು ಮನಸ್ಸು ಚುಚ್ಚಿತು. ಗಾದ್ ಎಂಬ ಪ್ರವಾದಿ ಬಂದು, ಬರಗಾಲ, ಶತ್ರುಗಳ ಮುಂದೆ ಮೂರು ತಿಂಗಳ ಪಲಾಯನ, ಮೂರು ದಿನಗಳ ವ್ಯಾಧಿ, ಈ ಮೂರರಲ್ಲಿ ಒಂದನ್ನು ಆರಿಸಿಕೋ ಎಂದ. ಮನುಷ್ಯರ ಕೈಗೆ ಬೀಳುವುದಕ್ಕಿಂತ ದೇವರ ಕೈಗೆ ಬೀಳುವುದು ಮೇಲೆಂದು ದಾವೀದ ಉತ್ತರಿಸಿದ. ವ್ಯಾಧಿ ಬಂದಿತು, 70,000 ಜನ ಸತ್ತರು. ದೂತನ ಕೈ ಯೆರೂಸಲೇಮಿನ ಕಡೆಗೆ ಚಾಚಿದಾಗ ಯೆಹೋವನೇ ಮರುಗಿ ತಡೆದ. ದಾವೀದ ಅರೌನನೆಂಬವನ ಕಣವನ್ನು ಕೊಂಡು ಅಲ್ಲಿ ಯಜ್ಞವೇದಿಯನ್ನು ಕಟ್ಟಿದ, ವ್ಯಾಧಿ ನಿಂತಿತು.

ಇದೇ ಕಥೆ ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದ 21ನೆಯ ಅಧ್ಯಾಯದಲ್ಲಿ ಮತ್ತೊಮ್ಮೆ ಬರುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ನಾಲ್ಕು ಕಡೆ ಹೊಂದಿಕೆಯಾಗುವುದಿಲ್ಲ. ಬರಗಾಲದ ಅವಧಿ ಒಂದು ಕಡೆ ಏಳು ವರ್ಷ, ಇನ್ನೊಂದು ಕಡೆ ಮೂರು ವರ್ಷ. ಇಸ್ರಾಯೇಲಿನ ಕತ್ತಿ ಹಿಡಿಯುವ ಗಂಡಸರು ಒಂದು ಕಡೆ 8,00,000, ಇನ್ನೊಂದು ಕಡೆ 11,00,000. ಯೆಹೂದದವರು ಕ್ರಮವಾಗಿ 5,00,000 ಮತ್ತು 4,70,000. ಕಣದ ಬೆಲೆ ಒಂದು ಕಡೆ 50 ಶೆಕೆಲ್ ಬೆಳ್ಳಿ, ಇನ್ನೊಂದು ಕಡೆ 600 ಶೆಕೆಲ್ ಬಂಗಾರ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಸಮುವೇಲನ ಪುಸ್ತಕದಲ್ಲಿ ದಾವೀದನನ್ನು ಪ್ರೇರಿಸಿದವನು ಯೆಹೋವ, ಪೂರ್ವಕಾಲವೃತ್ತಾಂತದಲ್ಲಿ ಪ್ರೇರಿಸಿದವನು ಸೈತಾನ!

ವೇದಿಕೆಯ ಮೇಲೆ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದೆ. ಆದರೆ ಇವು ಒಂದೇ ಜಾತಿಯವಲ್ಲ. ಇದನ್ನು ತಿಳಿಯದೆ ವಾದಿಸಿದ್ದೇ ನನ್ನ ಮೊದಲ ತಪ್ಪು, ನನ್ನ ಮಿತ್ರನದೂ ಕೂಡ.

ಮೊದಲನೆಯ ಜಾತಿ ಪ್ರತಿಕಾರರ ಕೈಯಲ್ಲಿ ಹುಟ್ಟುವಂಥದು. ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿದವರಿಗೆ ಪಾಠಾಂತರವೆಂದರೇನೆಂಬುದು ಗೊತ್ತು. ಎರಡು ಪ್ರತಿಗಳು ಅಕ್ಷರಶಃ ಒಂದಾಗಿರುವುದು ಅಪರೂಪ. ಬೈಬಲ್ಲೂ ನೂರಾರು ವರ್ಷ ಕೈಬರಹದಲ್ಲಿ ಇಳಿದು ಬಂದದ್ದು. ಬರಗಾಲದ ವಿಷಯದಲ್ಲಿ, ಸಮುವೇಲನ ಹೀಬ್ರೂ ಪಾಠ ಏಳು ವರ್ಷವೆಂದರೆ, ಕ್ರಿಸ್ತಪೂರ್ವದಲ್ಲೇ ಆದ ಅದರ ಗ್ರೀಕ್ ಭಾಷಾಂತರ ಮೂರು ವರ್ಷವೆನ್ನುತ್ತದೆ. ಎಲ್ಲೋ ಒಂದು ಕಡೆ ಒಬ್ಬ ಲಿಪಿಕಾರ ತಪ್ಪಿದ್ದಾನೆ, ಇಲ್ಲವೆ ಒಬ್ಬ ಭಾಷಾಂತರಕಾರ ತಿದ್ದಿದ್ದಾನೆ. 1947ರಿಂದ ಮೃತ ಸಮುದ್ರದ ಬಳಿಯ ಗವಿಗಳಲ್ಲಿ ದೊರೆತ ಸುರುಳಿಗಳು ಇಂಥವಕ್ಕೆ ಒಳ್ಳೆಯ ಬೆಳಕು ಚೆಲ್ಲಿವೆ. ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು ಎಂದು ನಾವೆಲ್ಲ ಸಂಡೇ ಸ್ಕೂಲಿನಲ್ಲಿ ಕಲಿತೆವಷ್ಟೆ. ಆ ಗವಿಗಳಲ್ಲಿ ಸಿಕ್ಕಿದ ಸಮುವೇಲನ ಒಂದು ಹಳೆಯ ಪ್ರತಿಯಲ್ಲಿ ಅದು ನಾಲ್ಕು ಮೊಳ ಒಂದು ಗೇಣು. ಗ್ರೀಕ್ ಭಾಷಾಂತರದಲ್ಲೂ ಹಾಗೆಯೇ. ಇಂಥ ವ್ಯತ್ಯಾಸಗಳಿಂದ ದೇವರ ನೀತಿಗೆ ಕುಂದೂ ಇಲ್ಲ, ಕೀರ್ತಿಯೂ ಇಲ್ಲ. ಪ್ರತಿಯೊಂದು ಅಕ್ಷರವೂ ಸ್ವರ್ಗದಿಂದ ಹಾಗೆಯೇ ಇಳಿಯಿತೆಂದು ಹೇಳುವವರು ಮಾತ್ರ ಇದಕ್ಕೆ ಉತ್ತರ ಹುಡುಕಬೇಕಾಗುತ್ತದೆ.

ಎರಡನೆಯ ಜಾತಿ ಲೇಖಕರ ಉದ್ದೇಶಭೇದದಿಂದ ಬಂದದ್ದು. ಕಣದ ಬೆಲೆಯನ್ನು ನೋಡಿ. ಪೂರ್ವಕಾಲವೃತ್ತಾಂತದ ಕರ್ತೃವಿಗೆ ಆ ಜಾಗ ಬರಿಯ ಕಣವಲ್ಲ. ಮುಂದೆ ಸೊಲೊಮೋನನ ದೇವಾಲಯ ಎದ್ದದ್ದು ಅಲ್ಲಿಯೇ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಅಂಥ ಪುಣ್ಯಭೂಮಿಯನ್ನು ಐವತ್ತು ಬೆಳ್ಳಿಗೆ ಕೊಂಡರೆಂದರೆ ಹೇಗೆ? ಯೆಹೂದ್ಯರ ತಾಲ್ಮೂದಿನಲ್ಲಿ ಇದಕ್ಕೊಂದು ಜಾಣ ಸಮಾಧಾನವಿದೆ: ಕುಲಕ್ಕೆ ಐವತ್ತರಂತೆ ಹನ್ನೆರಡು ಕುಲಗಳಿಂದ ಎತ್ತಿದರೆ ಆರುನೂರಾಯಿತಲ್ಲ ಎಂದು. ಲೆಕ್ಕ ಸರಿಯಾಗಿಯೇ ಇದೆ. ಬೆಳ್ಳಿ ಬಂಗಾರವಾದ ಬಗೆ ಮಾತ್ರ ಉಳಿದುಬಿಡುತ್ತದೆ. ಜನಸಂಖ್ಯೆಯ ವಿಷಯದಲ್ಲಿ ನನ್ನ ಮಿತ್ರ ಹೇಳಿದ ಸಮಾಧಾನವೂ ಹಳೆಯದೇ. ಅದೇ ಪುಸ್ತಕದಲ್ಲಿ ತಿಂಗಳಿಗೆ 24,000ದಂತೆ ಹನ್ನೆರಡು ತಂಡಗಳ ಕಾಯಂ ಸೈನ್ಯದ ಮಾತು ಬರುತ್ತದೆ. ಆ 2,88,000ವನ್ನು ಸಮುವೇಲನ ಎಂಟು ಲಕ್ಷಕ್ಕೆ ಕೂಡಿಸಿದರೆ 10,88,000 ಆಗುತ್ತದೆ. ಇನ್ನೂ 12,000 ಸಾಲದು; ಅದಕ್ಕೆ ಇನ್ನೊಂದು ಊಹೆ ಬೇಕು. ಊಹೆಗೆ ಊಹೆ ಸೇರಿಸುತ್ತ ಹೋದರೆ ಯಾವ ಎರಡು ಅಂಕಿಗಳನ್ನಾದರೂ ಹೊಂದಿಸಬಹುದು. ಹಾಗೆ ಹೊಂದಿಸಿದ ಮಾತ್ರಕ್ಕೆ ಗ್ರಂಥದ ಅಭಿಪ್ರಾಯ ತಿಳಿದಂತಾಗುವುದಿಲ್ಲ.

ಮೂರನೆಯ ಜಾತಿ ವಿಚಾರಭೇದ. ಪ್ರೇರಿಸಿದವನು ಯೆಹೋವನೋ ಸೈತಾನನೋ ಎಂಬುದು ಲಿಪಿಕಾರನ ಕೈತಪ್ಪಲ್ಲ. ಹಳೆಯ ಲೇಖಕನಿಗೆ ಜಗತ್ತಿನಲ್ಲಿ ನಡೆಯುವ ಎಲ್ಲಕ್ಕೂ ಕರ್ತೃ ಒಬ್ಬನೇ; ಒಳ್ಳೆಯದೂ ಅವನಿಂದ, ಕೇಡೂ ಅವನಿಂದ. ಪೂರ್ವಕಾಲವೃತ್ತಾಂತ ಬಹಳ ಈಚಿನದು. ಕ್ರಿ. ಪೂ. 6ನೆಯ ಶತಮಾನದಲ್ಲಿ ಯೆರೂಸಲೇಮು ಬಾಬಿಲೋನಿನವರ ಕೈಯಲ್ಲಿ ಹಾಳಾಗಿ, ಜನ ಸೆರೆಹೋಗಿ, ಪಾರಸಿಯ ಅರಸ ಕೋರೆಷನು ಕ್ರಿ. ಪೂ. 538ರಲ್ಲಿ ಹಿಂದಿರುಗಲು ಅಪ್ಪಣೆ ಕೊಟ್ಟ ಮೇಲಿನ ಕಾಲಕ್ಕೆ ಅದು ಸೇರಿದ್ದು. ಅದರ ಕರ್ತೃವಿನ ಮುಂದೆ ಸಮುವೇಲನ ಪುಸ್ತಕವಿದ್ದಿತು. ಎಷ್ಟೋ ಕಡೆ ಅದನ್ನೇ ಹೆಚ್ಚುಕಡಮೆ ಹಾಗೆಯೇ ಎತ್ತಿಕೊಂಡಿದ್ದಾನೆ. ಈ ವಾಕ್ಯಕ್ಕೆ ಬಂದಾಗ ಮಾತ್ರ ಅವನ ಲೇಖನಿ ತಡೆಯಿತು. ದೇವರೇ ಪಾಪಕ್ಕೆ ಪ್ರೇರಿಸಿ, ದೇವರೇ ಆ ಪಾಪಕ್ಕೆ ಶಿಕ್ಷಿಸುವುದು ನ್ಯಾಯವೇ ಎಂಬ ಸಂಕೋಚ ಅವನಿಗೂ ಆಗಿರಬೇಕು. ಹೀಬ್ರೂವಿನಲ್ಲಿ ‘ಸೈತಾನ’ ಎಂದರೆ ಎದುರಾಳಿ ಎಂದರ್ಥ. ಆ ಎದುರಾಳಿಯನ್ನು ಅಲ್ಲಿ ತಂದು ನಿಲ್ಲಿಸಿದ.

ಇದನ್ನು ತಿಳಿದಾಗ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಬೈಬಲ್ಲಿನ ವಿರುದ್ಧ ನಾನು ಎತ್ತಿದೆನೆಂದು ಬೀಗಿದ ಆಕ್ಷೇಪವನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಬೈಬಲ್ಲಿನ ಕರ್ತೃಗಳಲ್ಲೊಬ್ಬನೇ ಎತ್ತಿದ್ದ. ಮತ್ತು ಅದನ್ನು ಕೂಡಿಸಿದವರು ಹಳೆಯ ಪಾಠವನ್ನು ಅಳಿಸದೆ ಎರಡನ್ನೂ ಉಳಿಸಿಕೊಂಡಿದ್ದರು.

ಆದರೆ ಅಮ್ಮನ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ. ಪ್ರೇರಿಸಿದವನು ಯಾರೇ ಆಗಿರಲಿ, ಎರಡು ಪುಸ್ತಕಗಳಲ್ಲೂ ವ್ಯಾಧಿಯನ್ನು ಕಳುಹಿಸಿದವನು ಯೆಹೋವನೇ. ಎಣಿಸುವುದೇ ಪಾಪವೆಂದು ಹೇಳೋಣವೆಂದರೆ, ಅರಣ್ಯಕಾಂಡದ ಆರಂಭದಲ್ಲಿ ಯೆಹೋವನ ಅಪ್ಪಣೆಯ ಮೇಲೆಯೇ ಮೋಶೆ ಎಣಿಸಿ 6,03,550 ಗಂಡಸರ ಲೆಕ್ಕ ಕೊಡುತ್ತಾನೆ. ನಮ್ಮ ದೇಶದಲ್ಲಿ 1881ರಿಂದ 2011ರವರೆಗೆ ಹತ್ತು ವರ್ಷಗಳಿಗೊಮ್ಮೆ ಖಾನೇಷುಮಾರಿ ನಡೆದು ಬಂದಿತಷ್ಟೆ. ಅಂದಿನ ಎಣಿಕೆ ಅಂಥದಲ್ಲ. ಕತ್ತಿ ಹಿಡಿಯುವವರನ್ನು ಮಾತ್ರ ಎಣಿಸಿದ್ದು. ರಾಜನಿಗೆ ತನ್ನ ಬಲದ ಮೇಲೆ ಹುಟ್ಟಿದ ಗರ್ವವೇ ಪಾಪವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಒಪ್ಪೋಣ. ಗರ್ವಪಟ್ಟವನು ರಾಜ, ಸತ್ತವರು ಪ್ರಜೆಗಳು. ಬ್ರಹ್ಮಸೂತ್ರಗಳ ವ್ಯಾಖ್ಯಾನದಲ್ಲಿ ಈಶ್ವರನ ಮೇಲೆ ಬರಬಹುದಾದ ಎರಡು ದೋಷಗಳನ್ನು ವೈಷಮ್ಯ, ನೈರ್ಘೃಣ್ಯ ಎಂದು, ಅಂದರೆ ಪಕ್ಷಪಾತ, ನಿರ್ದಯತೆ ಎಂದು, ನಮ್ಮ ಅಧ್ಯಾಪಕರು ಪಾಠ ಹೇಳಿದ್ದರು. ಆ ಎರಡೂ ಇಲ್ಲಿ ಒಟ್ಟಿಗೆ ಎದುರು ನಿಲ್ಲುತ್ತವೆ.

ಇಲ್ಲಿ ಮೊದಲು ಗಮನಿಸಬೇಕಾದದ್ದು, ಈ ಪ್ರಶ್ನೆಯನ್ನು ಕೇಳಿದವನು ದಾವೀದನೇ ಎಂಬುದು. ಜನ ಸಾಯುವುದನ್ನು ಕಂಡು, ತಪ್ಪು ತನ್ನದು, ಕುರಿಗಳಂತಿರುವ ಇವರು ಏನು ಮಾಡಿದರು, ಶಿಕ್ಷೆ ತನ್ನ ಮೇಲೂ ತನ್ನ ಮನೆತನದ ಮೇಲೂ ಬರಲಿ ಎಂದು ಅವನು ಬೇಡಿಕೊಳ್ಳುತ್ತಾನೆ. ಎರಡು ಪುಸ್ತಕಗಳೂ ಈ ಮಾತಿನಲ್ಲಿ ಒಂದಾಗುತ್ತವೆ. ಅವನ ಪ್ರಶ್ನೆಗೆ ಎರಡರಲ್ಲೂ ನೇರವಾದ ಉತ್ತರ ಸಿಗುವುದಿಲ್ಲ.

ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಸತ್ಯವೇದದ ಒಳಗೇ ಒಂದು ದೊಡ್ಡ ವಾದ ನಡೆದಿರುವುದು ಕಾಣುತ್ತದೆ. ಹತ್ತು ಆಜ್ಞೆಗಳಲ್ಲಿ, ತಂದೆಗಳ ದೋಷಫಲ ಮೂರು ನಾಲ್ಕು ತಲೆಗಳವರೆಗೆ ಮಕ್ಕಳಿಗೆ ತಟ್ಟುವುದೆಂದಿದೆ. ಧರ್ಮೋಪದೇಶಕಾಂಡದಲ್ಲಿ, ತಂದೆಯ ಅಪರಾಧಕ್ಕೆ ಮಗನನ್ನು ಕೊಲ್ಲಕೂಡದು, ಮಗನ ಅಪರಾಧಕ್ಕೆ ತಂದೆಯನ್ನೂ ಕೊಲ್ಲಕೂಡದು ಎಂಬ ವಿಧಿ ಇದೆ. ಅದು ಮನುಷ್ಯರ ನ್ಯಾಯಸ್ಥಾನಕ್ಕೆ ಹೇಳಿದ್ದು. ಮನುಷ್ಯನಿಗೆ ಅಧರ್ಮವಾದದ್ದು ದೇವರಿಗೆ ಧರ್ಮವಾದೀತೆ? ಬಾಬಿಲೋನಿನಲ್ಲಿ ಸೆರೆಯಾಗಿದ್ದ ಜನರಿಗೆ ಈ ಪ್ರಶ್ನೆ ಪುಸ್ತಕದ್ದಾಗಿರಲಿಲ್ಲ. ಹಿರಿಯರು ಹುಳಿ ದ್ರಾಕ್ಷಿ ತಿಂದರೆ ಕಿರಿಯರ ಹಲ್ಲು ಚಳಿತುಹೋಯಿತೆಂಬ ಅರ್ಥದ ಗಾದೆ ಅವರಲ್ಲಿ ಹಬ್ಬಿತ್ತು. ಯೆಹೆಜ್ಕೇಲನು ತನ್ನ ಗ್ರಂಥದ 18ನೆಯ ಅಧ್ಯಾಯದಲ್ಲಿ ಆ ಗಾದೆಯನ್ನೇ ತಳ್ಳಿಹಾಕಿ, ಅವರವರ ಪಾಪಕ್ಕೆ ಅವರವರೇ ಹೊಣೆ ಎಂದು ಸಾರುತ್ತಾನೆ. ಯೆಹೋವನ ಕ್ರಮ ಸರಿಯಲ್ಲವೆಂದು ಜನ ಗೊಣಗಿದ್ದನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ.

ಆದಿಕಾಂಡದ ಅಬ್ರಹಾಮನನ್ನು ನೆನೆಯಿರಿ. ಸೊದೋಮ್ ಪಟ್ಟಣ ನಾಶವಾಗುವುದೆಂದು ತಿಳಿದಾಗ, ದುಷ್ಟರೊಡನೆ ನೀತಿವಂತರನ್ನೂ ಕೊಲ್ಲುವುದು ಲೋಕಕ್ಕೆಲ್ಲ ನ್ಯಾಯಾಧಿಪತಿಯಾದವನಿಗೆ ತಕ್ಕುದಲ್ಲವೆಂದು ದೇವರ ಎದುರಿಗೇ ನಿಂತು ವಾದಿಸುತ್ತಾನೆ. ಐವತ್ತರಿಂದ ಹತ್ತರವರೆಗೆ ಸಂತೆಯಲ್ಲಿ ಚೌಕಾಸಿ ಮಾಡಿದಂತೆ ಇಳಿಸುತ್ತಾನೆ. ಅದೇ ಅಬ್ರಹಾಮ, ನಾಲ್ಕು ಅಧ್ಯಾಯಗಳ ಮೇಲೆ, ತನ್ನ ಮಗ ಇಸಾಕನನ್ನೇ ಬಲಿಕೊಡೆಂದಾಗ ಒಂದು ಮಾತೂ ಆಡದೆ ಹೊರಡುತ್ತಾನೆ. ಪರರ ಊರಿಗಾಗಿ ವಾದಿಸಿದವನು ತನ್ನ ಮಗನಿಗಾಗಿ ಏಕೆ ವಾದಿಸಲಿಲ್ಲ? ದೇವರು ಹೇಳಿದ್ದರಿಂದ ಒಳ್ಳೆಯದು ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಅದನ್ನು ಹೇಳುತ್ತಾನೋ ಎಂದು ಪ್ಲೇಟೋವಿನ ಯೂಥಿಫ್ರೋ ಸಂವಾದದಲ್ಲಿ ಸಾಕ್ರಟೀಸ್ ಎತ್ತುವ ಪ್ರಶ್ನೆ ಇದಕ್ಕೆ ಹತ್ತಿರದ್ದು. ಸೊದೋಮಿನ ಮುಂದೆ ನಿಂತ ಅಬ್ರಹಾಮ ಎರಡನೆಯ ಪಕ್ಷದವನು. ಬೆಟ್ಟ ಹತ್ತಿದ ಅಬ್ರಹಾಮ ಮೊದಲನೆಯ ಪಕ್ಷದವನಂತೆ ತೋರುತ್ತಾನೆ. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1843ರಲ್ಲಿ ಈ ಒಂದು ಮೌನವನ್ನು ಕುರಿತೇ ಒಂದು ಇಡಿಯ ಪುಸ್ತಕವನ್ನು ಬರೆದ.

ಕಾಲ ಕಳೆದಂತೆ ಜನರ ದೇವರ ಕಲ್ಪನೆ ತಿಳಿಯಾಗುತ್ತ ಬಂದಿತು, ಅಷ್ಟೆ, ಎಂದು ಹೇಳಿ ಮುಗಿಸಬಹುದೇ? ಹಾಗೆ ಬರೆಯಬೇಕೆಂದು ನನಗೂ ಆಸೆಯಾಯಿತು. ಆದರೆ ಗ್ರಂಥ ಅಷ್ಟು ನೇರವಾದ ದಾರಿಯಲ್ಲಿ ನಡೆಯುವುದಿಲ್ಲ. ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲೂ ರಕ್ತ ಸಾಕಷ್ಟು ಹರಿಯುತ್ತದೆ. ಇನ್ನು ಸಮುವೇಲನ ಮೊದಲನೆಯ ಪುಸ್ತಕದ 15ನೆಯ ಅಧ್ಯಾಯದಲ್ಲಿ, ಅಮಾಲೇಕ್ಯರನ್ನು ಹಾಲು ಕುಡಿಯುವ ಕೂಸುಗಳ ಸಹಿತ ಕೊಲ್ಲಬೇಕೆಂಬ ಅಪ್ಪಣೆ ಇದೆ. ಇದನ್ನು ನಾನು ಸಮರ್ಥಿಸಲಾರೆ. ಯೆಹೋಶುವನ ಯುದ್ಧಗಳ ಕಥೆ ನಡೆದಂತೆಯೇ ಬರೆದ ಇತಿಹಾಸವಲ್ಲವೆಂದು ಕೆಲವರು ಹೇಳುತ್ತಾರೆ. 1952ರಿಂದ 1958ರವರೆಗೆ ಯೆರಿಕೋವಿನಲ್ಲಿ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್ ಅವರಿಗೆ, ಯೆಹೋಶುವನದೆಂದು ಸಾಮಾನ್ಯವಾಗಿ ಹೇಳುವ ಕಾಲದ ಕೋಟೆಗೋಡೆಗಳು ಅಲ್ಲಿ ಸಿಕ್ಕಲಿಲ್ಲ. ಅದು ನಿಜ. ಆದರೆ ಕೊಲೆ ನಡೆಯಲಿಲ್ಲವೆಂದರೂ ಅಪ್ಪಣೆಯನ್ನು ದೇವರ ಬಾಯಲ್ಲಿ ಇಟ್ಟು ಬರೆದದ್ದು ಉಳಿಯಿತು.

ಈ ತೊಡಕನ್ನು ಬಿಡಿಸಲು ಹಿಂದಿನವರು ಮಾಡಿದ ಯತ್ನಗಳು ಹಲವು. 2ನೆಯ ಶತಮಾನದ ಮಾರ್ಸಿಯನ್, ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯಾದ ದೇವರೇ ಬೇರೆ ಎಂದು ಹೇಳಿ ಹಳೆಯದನ್ನೇ ಬಿಟ್ಟುಬಿಟ್ಟ. ರೋಮಿನ ಸಭೆ ಕ್ರಿ. ಶ. 144ರಲ್ಲಿ ಅವನನ್ನು ಹೊರಹಾಕಿತು. 3ನೆಯ ಶತಮಾನದ ಓರಿಜೆನ್, ಅಂಥ ಭಾಗಗಳಿಗೆ ರೂಪಕಾರ್ಥ ಹೇಳಿ, ಕೊಲ್ಲಬೇಕಾದ ಶತ್ರುಗಳು ನಮ್ಮೊಳಗಿನ ದುರ್ಗುಣಗಳೇ ಎಂದ. 1670ರಲ್ಲಿ ಸ್ಪಿನೋಜಾ, ಇತರ ಗ್ರಂಥಗಳಂತೆ ಇದನ್ನೂ ಯಾರು, ಯಾವಾಗ, ಯಾರಿಗಾಗಿ ಬರೆದರೆಂದು ವಿಚಾರಿಸಿಯೇ ಓದಬೇಕೆಂದು ವಾದಿಸಿದ. ನನಗೆ ಎಲ್ಲರಿಗಿಂತ ಹತ್ತಿರದವನಾಗಿ ಕಂಡವನು ದಕ್ಷಿಣ ಆಫ್ರಿಕದ ನಾತಾಲಿನ ಬಿಷಪ್ ಕೊಲೆನ್ಸೋ. ಅವನು ಮೊದಲು ಶಾಲೆಗಳಿಗೆ ಅಂಕಗಣಿತದ ಪುಸ್ತಕ ಬರೆದು ಹೆಸರಾದವನು. ಜಲಪ್ರಳಯದ ಕಥೆಯನ್ನು ಜುಲು ಭಾಷೆಗೆ ತರುತ್ತಿದ್ದಾಗ, ಜೊತೆಯಲ್ಲಿ ಕುಳಿತು ನೆರವಾಗುತ್ತಿದ್ದ ಜುಲು ಸಹಾಯಕ, ಇದೆಲ್ಲ ನಿಜವೆಂದು ನೀವು ನಂಬುತ್ತೀರಾ ಎಂದು ಕೇಳಿದ. ಸುಳ್ಳು ಹೇಳಲು ಬಿಷಪ್ಪನಿಗೆ ಬಾಯಿ ಬರಲಿಲ್ಲ. 1862ರಿಂದ ಅವನು ಪ್ರಕಟಿಸಿದ ಗ್ರಂಥದಲ್ಲಿ ಮೋಶೆಯ ಪುಸ್ತಕಗಳ ಅಂಕಿಗಳನ್ನು ಒಂದೊಂದಾಗಿ ಪರಿಶೀಲಿಸಿದ. ಮರುವರ್ಷ ಅವನ ಮೇಲೆ ವಿಚಾರಣೆ ನಡೆದು ಪದಚ್ಯುತಿಯ ತೀರ್ಪಾಯಿತು. 1865ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಆ ತೀರ್ಪು ಅಸಿಂಧುವೆಂದಿತು. ಆ ಜುಲು ಸಹಾಯಕನ ಪ್ರಶ್ನೆಯೂ ನಮ್ಮ ಅಮ್ಮನ ಪ್ರಶ್ನೆಯೂ ಒಂದೇ ಬಗೆಯವು. ಇಬ್ಬರೂ ವಾದದಲ್ಲಿ ಗೆಲ್ಲಲು ಕೇಳಿದವರಲ್ಲ.

ಕೊನೆಗೆ ನಾನು ಯೋಬನ ಗ್ರಂಥಕ್ಕೆ ಬಂದೆ. ನಲವತ್ತೆರಡು ಅಧ್ಯಾಯಗಳ ಆ ಗ್ರಂಥದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಬಳಿಗೆ ಮೂವರು ಮಿತ್ರರು ಸಾಂತ್ವನಕ್ಕೆ ಬರುತ್ತಾರೆ. ದೇವರು ಅನ್ಯಾಯ ಮಾಡುವವನಲ್ಲ, ಆದ್ದರಿಂದ ನೀನು ಪಾಪ ಮಾಡಿರಲೇಬೇಕು ಎಂಬುದು ಅವರ ತರ್ಕ. ಯೋಬ ಒಪ್ಪುವುದಿಲ್ಲ, ದೇವರ ಪರವಾಗಿ ಸುಳ್ಳು ಹೇಳುತ್ತೀರಾ ಎಂದು ಅವರನ್ನು ಕೇಳುತ್ತಾನೆ, ದೇವರನ್ನೇ ವ್ಯಾಜ್ಯಕ್ಕೆ ಕರೆಯುತ್ತಾನೆ. ಕೊನೆಯಲ್ಲಿ ಯೆಹೋವ ಬಿರುಗಾಳಿಯೊಳಗಿಂದ ಮಾತನಾಡುತ್ತಾನೆ. ಯೋಬನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆದರೆ ಮಿತ್ರರ ಮೇಲೆ ಕೋಪಗೊಂಡು, ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಯೋಬನೇ ಹೊರತು ಅವರಲ್ಲವೆನ್ನುತ್ತಾನೆ. ದೇವರ ಪಕ್ಷ ವಹಿಸಿ ವಾದಿಸಿದವರು ದೇವರಿಂದಲೇ ಛೀಮಾರಿ ಹಾಕಿಸಿಕೊಂಡರು! ಸುವಾರ್ತೆಗಳಲ್ಲೂ ಇದರ ಮುಂದುವರಿಕೆ ಇದೆ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಜನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಭಾವನೆಯನ್ನು ಲೂಕನ ಸುವಾರ್ತೆಯಲ್ಲಿ ಯೇಸು ನಿರಾಕರಿಸುತ್ತಾನೆ. ಹುಟ್ಟುಕುರುಡನನ್ನು ತೋರಿಸಿ, ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಶಿಷ್ಯರು ಕೇಳಿದಾಗ, ಎರಡೂ ಅಲ್ಲವೆಂದು ಯೋಹಾನನ ಸುವಾರ್ತೆಯಲ್ಲಿ ಹೇಳುತ್ತಾನೆ.

ಇಷ್ಟನ್ನು ಒಂದು ಸಂಜೆ ಅಮ್ಮನಿಗೆ ಹೇಳಿದೆ. ಆ ಎಪ್ಪತ್ತು ಸಾವಿರ ಜನರ ಹೆಸರುಗಳು ಗ್ರಂಥದಲ್ಲಿಲ್ಲ, ಅವರು ಏನು ಮಾಡಿದ್ದರೆಂದೂ ಇಲ್ಲ, ನಿನ್ನ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಲಿಲ್ಲ, ಆದರೆ ಅದೇ ಪ್ರಶ್ನೆಯನ್ನು ದಾವೀದ ಕೇಳಿದ್ದಾನೆ, ಎಂದೆ. ಅಂದು ಮನೆಗೆ ಬಂದು ಪಾಪದ ಮಾತನಾಡಿದ ಬಂಧುಗಳ ತರ್ಕ ಯೋಬನ ಮಿತ್ರರ ತರ್ಕವೆಂದೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕೇಳಿದ್ದು ತಪ್ಪಲ್ಲ ಅನ್ನು” ಎಂದಳು. ತಪ್ಪಲ್ಲವೆಂದೆ. ಯೋಬನ ಗ್ರಂಥವನ್ನು ಮೊದಲಿನಿಂದ ಓದು ಎಂದಳು. ಅಂದಿನಿಂದ ದಿನಕ್ಕೊಂದು ಅಧ್ಯಾಯದಂತೆ ಓದಿದೆವು. ಅವಳು ಪಡಸಾಲೆಯಲ್ಲಿ ನಮ್ಮೊಡನೆ ಕುಳಿತು ಕೇಳಿದಳು.

ಈ ವಿಷಯವನ್ನು ಕುರಿತು ಮುಂದೆ ಚರ್ಚಿಸಲಿರುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಯಾವ ಮತದ ಗ್ರಂಥವೇ ಆಗಲಿ, ಅದರ ವಿರೋಧಗಳನ್ನು ಪಟ್ಟಿಮಾಡುವುದಕ್ಕೆ ಒಂದು ಸಂಜೆ ಸಾಕು. ಅವಕ್ಕೆ ತೇಪೆ ಹಾಕುವುದಕ್ಕೆ ಇನ್ನೊಂದು ಸಂಜೆ ಸಾಕು. ಎರಡನ್ನೂ ಮಾಡಿದ ಮೇಲೆ, ಹೊಂದಿಕೆಯಾಗದ ಎರಡು ಅಧ್ಯಾಯಗಳನ್ನು ಎದುರುಬದುರಿಗಿಟ್ಟು ನಿಧಾನವಾಗಿ ಒಮ್ಮೆ ಓದಿರಿ. ಹೊಂದದಿರುವುದು ಲಿಪಿಕಾರನ ಕೈಯೋ, ಕರ್ತೃವಿನ ಉದ್ದೇಶವೋ, ಅಥವಾ ಅವನ ಮನಸ್ಸಾಕ್ಷಿಯೋ ಎಂದು ಕೇಳಿಕೊಳ್ಳಿರಿ. ಬರುವ ವರ್ಷದ ಚರ್ಚಾಕೂಟಕ್ಕೆ ನನ್ನ ಎದುರಾಳಿ ಮಿತ್ರನೂ ನಾನೂ ಒಟ್ಟಿಗೆ ಕುಳಿತು ಸಿದ್ಧತೆ ಮಾಡುವುದೆಂದು ನಿಶ್ಚಯಿಸಿದ್ದೇವೆ. ಯಾರು ಯಾವ ಪಕ್ಷವೆಂಬುದನ್ನು ಇನ್ನೂ ತೀರ್ಮಾನಿಸಿಲ್ಲ.